ಸರ್ಕಾರಿ ಸ್ಟಾಂಪಿನ ಲಕೋಟೆ

"ಒಡಿ ಮಾರಾಯ್ತಿ, ಇನ್ನೆಂತ ನೋಡುದು!" ಗೆಳತಿ ಶರ್ಲಿ ಸೇಬು ಕತ್ತರಿಸುವ ಚಾಕುವನ್ನು ಬ್ಯಾಗಿನಿಂದ ತೆಗೆದೇಬಿಟ್ಟಳು.

ಭೂಮಿಕಾ ಲಕೋಟೆಯನ್ನು ಎದೆಗೊತ್ತಿಕೊಂಡಳು. "ಮುಟ್ಟಬೇಡ ಕಣೇ! ನೂರು ವರ್ಷದಿಂದ ಯಾರೂ ಒಡೆದಿಲ್ಲ ಇದನ್ನ."

ಜರ್ಮನಿಯ ಆಖೆನ್ ಊರಿನ ಅಂಚೆಚೀಟಿ ಸಂಘದ ಪ್ರದರ್ಶನಕ್ಕೆ ಇನ್ನು ಅರ್ಧ ಗಂಟೆಯಿತ್ತು. ಗೋಡೆಯ ಮೇಲೆ ಒಂದೇ ಒಂದು ಚೌಕಟ್ಟು ಖಾಲಿ. ಅದು ತನಗೆ ಸಿಕ್ಕೀತೇ ಎಂದು ಭೂಮಿಕಾ ಮತ್ತೆಮತ್ತೆ ಅತ್ತ ನೋಡುತ್ತಿದ್ದಳು. ಸಂಘ ಸೇರಿ ಎಂಟು ತಿಂಗಳಾದರೂ ಅವಳು ಅಲ್ಲಿ "ಗುಟೆನ್ ಟಾಗ್" ಎಂಬ ನಮಸ್ಕಾರ ಬಿಟ್ಟು ಬೇರೆ ಮಾತಾಡಿದವಳಲ್ಲ. ಹೋದ ವಾರ ಹಳೆ ಸಾಮಾನಿನ ಸಂತೆ ಫ್ಲೋಮಾರ್ಕ್ಟ್‌ನಲ್ಲಿ ಈ ಸ್ವೀಡನ್ ಲಕೋಟೆ ಕೈಗೆ ಸಿಕ್ಕಿತ್ತು. 1912ರ ಮುದ್ರೆ. ಸರ್ಕಾರಿ ಕಚೇರಿಗಳ ಪತ್ರಕ್ಕೆಂದೇ ಅಚ್ಚಾಗುತ್ತಿದ್ದ ಸ್ಟಾಂಪು. ವಿಳಾಸ ಮಾತ್ರ ಗಣಿಯ ಒಬ್ಬ ಕೂಲಿಯದು. ಅವನು ಊರು ಬಿಟ್ಟಿದ್ದಾನೆಂದು ಅಂಚೆಯವರು ನೇರಳೆ ಪೆನ್ಸಿಲಿನಲ್ಲಿ ಗೀಚಿ ವಾಪಸು ಕಳಿಸಿದ್ದರು.

ಸಂಘದ ಅಧ್ಯಕ್ಷ ಹೆರ್ ಬ್ರಾಂಟ್ ಆಗಲೇ ಹೇಳಿಬಿಟ್ಟಿದ್ದರು: "ಒಳಗೆ ಸರ್ಕಾರದ ನೋಟಿಸಿದ್ದರೆ ಇದು ಮಾಮೂಲಿ. ಯಾರಾದರೂ ಕಚೇರಿಯ ಸ್ಟಾಂಪು ಎಗರಿಸಿ ಸ್ವಂತದ ಪತ್ರಕ್ಕೆ ಅಂಟಿಸಿದ್ದರೆ ಅಪರೂಪ. ಪುರಾವೆ ಕೊಡಿ, ಚೌಕಟ್ಟು ನಿಮ್ಮದು."

"ಪುರಾವೆ ಒಳಗೆ ಉಂಟಲ್ಲ! ಕೊಯ್ದರೆ ಮುಗೀತು," ಎಂದಳು ಶರ್ಲಿ.

"ಕಳಿಸಿದವರೇ ಒಡೀಲಿಲ್ಲ, ನಾನ್ಯಾರೇ ಒಡೆಯೋಕೆ?"

ಥಟ್ಟನೆ ಏನೋ ಹೊಳೆದು ಭೂಮಿಕಾ ಮೊಬೈಲಿನ ಟಾರ್ಚ್ ಹಾಕಿ ಲಕೋಟೆಯ ಬೆನ್ನಿಗೆ ಹಿಡಿದಳು. ತೆಳುಕಾಗದದೊಳಗೆ ಒಂದು ಗೆರೆ ಮೂಡಿತು. ಅಕ್ಷರವೊಂದೂ ಇಲ್ಲ. ಬರೀ ಗೆರೆ, ಡೊಂಕಾಗಿ ಸುತ್ತಿ ಬಂದು ಹೊರಟಲ್ಲಿಗೇ ಸೇರಿತ್ತು.

"ಸರೋವರದ ನಕ್ಷೆ," ಎಂದರು ಬ್ರಾಂಟ್, ಇಣುಕಿ ನೋಡಿ. "ಸರ್ವೆ ಇಲಾಖೆಯದು. ಸರ್ಕಾರಿ ಕಾಗದವೇ. ಪಾಪ!" ಮತ್ತೊಬ್ಬರನ್ನು ಕರೆಯಲು ಅವರು ತಿರುಗಿದರು.

"ನೈನ್!"

ಸಭಾಂಗಣವೆಲ್ಲ ತಿರುಗಿ ನೋಡಿತು. ಜರ್ಮನ್ನಿನಲ್ಲಿ 'ಅಲ್ಲ' ಎಂದು ಕೂಗಿದ್ದು ತಾನೇ ಎಂದು ತಿಳಿಯಲು ಭೂಮಿಕಾಳಿಗೇ ಒಂದು ಗಳಿಗೆ ಹಿಡಿಯಿತು. ಮುರುಕು ಜರ್ಮನ್ನಿನಲ್ಲೇ ನುಗ್ಗಿದಳು. "ಸರೋವರ ಅಲ್ಲ! ಈ ತುದಿ ನೋಡಿ, ಒಂದು, ಎರಡು, ಮೂರು... ಐದು ಉಬ್ಬು. ಬೆರಳು! ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಿದ್ದಾರೆ. ನಮ್ಮಜ್ಜಿ ಚಪ್ಪಲಿಯ ಅಳತೆ ಹೀಗೇ ಕಳಿಸುತ್ತಿದ್ದರು!"

ಬ್ರಾಂಟ್ ಬಗ್ಗಿ ತಾವೂ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಎಪ್ಪತ್ತರ ಆ ಮನುಷ್ಯ ಚಪ್ಪಾಳೆ ತಟ್ಟುತ್ತ, "ಖಾಸಗಿ! ಖಾಸಗಿ!" ಎಂದು ಚೌಕಟ್ಟಿನ ಗಾಜು ಬಿಚ್ಚಲು ಓಡಿದರು.

ಭೂಮಿಕಾ ಕುಣಿಯುವುದೊಂದು ಬಾಕಿ. "ನೋಡಿದ್ಯೇನೇ ಶರ್ಲಿ, ಒಡೀದೇನೇ ಗೆದ್ದೆ!"

ಶರ್ಲಿ ಬೆಳಕಿನಲ್ಲಿ ಮೂಡಿದ್ದ ಪುಟ್ಟ ಪಾದದ ಮೇಲೆ ಗೇಣು ಹಾಕಿ ಅಳೆಯುತ್ತಿದ್ದಳು. ಗೇಣೂ ತುಂಬಲಿಲ್ಲ.

"ಈ ಕಾಗದ ವಾಪಸ್ ಬರುವಷ್ಟರಲ್ಲಿ," ಎಂದಳು ಮೆಲ್ಲಗೆ, "ಕಾಲು ದೊಡ್ಡದಾಗಿರ್ಬೇಕು ಅಲ್ವಾ ಮಾರಾಯ್ತಿ?"