ಸ್ಟುಡಿಯೋದ ಮೌನ

ಈಗೀಗ ಮೈಕ್ ಒಂದು ವಸ್ತುವಿನ ಸದ್ದನ್ನು ಹಿಡಿದರೆ, ಆ ಸದ್ದು ಮತ್ತೆ ಆ ವಸ್ತುವಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ಧ್ವನಿಮುದ್ರಣ ಕಲಿಯಲು ಬರುವವರು ಮನೆಯಲ್ಲಿ ಸದ್ದು ಮಾಡಿ ತಲೆ ತಿನ್ನುವ ಸಾಮಾನುಗಳನ್ನೇ ತರುತ್ತಾರೆ. ಶಕೀಲಾ ಕಿರುಗುಟ್ಟುವ ಕುರ್ಚಿ ತಂದಿದ್ದಳು. ರೆಕಾರ್ಡ್ ಮಾಡಿದ ಮೇಲೆ ಅದರಲ್ಲಿ ಕೂತು ಅಲ್ಲಾಡಿದಳು. ಸದ್ದೇ ಇಲ್ಲ.

ಪದ್ಮನಾಭ ಮೇಷ್ಟ್ರು ಟೀ ಕುಡಿಯಲು ಹೋದಾಗ ಅವಳು ಖಾಲಿ ಸ್ಟುಡಿಯೋದ ಮೌನವನ್ನೂ ಒಂದು ನಿಮಿಷ ಹಿಡಿದಳು.

ಮೇಷ್ಟ್ರು ಮರಳಿದಾಗ ನಾಲ್ಕೂ ಗೋಡೆಗಳು ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು.

"ಏನಮ್ಮ ಮಾಡ್ದೆ?"

"ಹಿಂದಿನವರು ಕೋಣೆಯ ಮೌನಾನೂ ರೆಕಾರ್ಡ್ ಮಾಡ್ತಿದ್ರಂತೆ ಸರ್. ಈಗ ಮಾಡಿದ್ರೆ ಏನಾಗುತ್ತೆ ಅಂತ ನೋಡ್ದೆ."

"ಇನ್ಮೇಲೆ ಇಲ್ಲಿ ಪಾಠ ಹೇಗಮ್ಮ ಮಾಡ್ಲಿ?"

ಅವರು ಇನ್ನಷ್ಟು ಬೈಯುವ ಮೊದಲೇ ಶಕೀಲಾ ಪ್ಲೇ ಒತ್ತಿದಳು. ಸ್ಪೀಕರಿನಿಂದ ಮೌನ ಹರಡಿ ಗೋಡೆಗಳು ಸುಮ್ಮನಾದವು. ಮೇಷ್ಟ್ರು ತೆರೆದ ಬಾಯಿ ಮುಚ್ಚಿದರು. ಉಳಿದಿದ್ದ ಒಂದೇ ನಿಮಿಷದ ಮೌನವನ್ನು ಬೈದು ಹಾಳುಮಾಡಲು ಅವರಿಗೆ ಮನಸ್ಸು ಬರಲಿಲ್ಲ.