ಕ್ರೇನಿನ ಮೇಲೆ ಎರಡನೆಯ ದಿನ

"ಏಣಿ ಒದ್ದೆಯಾಗಿದೆ. ಮಂಜು ಕರಗೋ ತನಕ ಯಾರೂ ಹತ್ತೋದೂ ಬೇಡ, ಇಳಿಯೋದೂ ಬೇಡ," ಎಂದು ಮೇಸ್ತ್ರಿ ರೇಡಿಯೊದಲ್ಲಿ ಹೇಳಿದಾಗ ಗುಬ್ಬಿ ನೆಲದಿಂದ ಅರವತ್ತು ಮೀಟರ್ ಮೇಲೆ, ಕ್ರೇನಿನ ಗಾಜಿನ ಕ್ಯಾಬಿನ್ನಿನಲ್ಲಿ ಕೂತಿದ್ದಳು. ಬೆಳಿಗ್ಗೆ ಎಂಟೂವರೆ. ಮುಟ್ಟಿನ ಎರಡನೆಯ ದಿನ. ಅವಳಿಗೆ ಎರಡನೆಯ ದಿನವೆಂದರೆ ತೂಬು ತೆಗೆದ ಹಾಗೆ.

ಹೋದ ತಿಂಗಳು ಮೇಸ್ತ್ರಿ ಮುಖಕ್ಕೇ ಹೇಳಿಬಿಟ್ಟಿದ್ದ: "ನೀನು ಇಳಿದು ಮತ್ತೆ ಹತ್ತೋಕೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಕೆಳಗೆ ಎಲ್ಲರೂ ಕೈ ಕಟ್ಟಿಕೊಂಡು ನಿಲ್ತಾರೆ. ಮತ್ತೆ ಹೀಗೇ ಆದ್ರೆ ಕ್ಯಾಬಿನ್ನಿಗೆ ಬೇರೆಯವರನ್ನ ಹಾಕ್ತೀನಿ." ಯಾಕೆ ಇಳಿಯುತ್ತಾಳೆಂದು ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ರೇಡಿಯೊ ಮತ್ತೆ ಗೊರಗುಟ್ಟಿತು. ಈ ಸಲ ಅತ್ತಿಗೆ. ಅಣ್ಣನ ಹೆಂಡತಿ, ಕೆಳಗೆ ನಿಂತು ಕ್ರೇನಿಗೆ ಸಿಗ್ನಲ್ ಕೊಡುವವಳು. ಮೇಸ್ತ್ರಿಗೆ ಕೇಳಿಸದ ಚಾನೆಲ್ಲಿಗೆ ಬಂದಿದ್ದಳು.

"ಗುಬ್ಬೀ, ಇವತ್ತು ಯಾವುದು?"

"ಕಪ್, ಅತ್ತಿಗೆ."

"ಸರಿಯಾಗಿ ಕೂತಿದೆಯಾ?"

"ನನಗಿಂತ ಸರಿಯಾಗಿ ಕೂತಿದೆ."

"ಹಾಗಾದ್ರೆ ಸುಮ್ನೆ ಒರಗಿಕೋ. ಹನ್ನೆರಡು ಗಂಟೆ ತಡೆಯುತ್ತೆ ಅಂತ ನೀನೇ ಓದಿ ಹೇಳಿದ್ಯಲ್ಲ."

ಒಳಗೆ ಕೂತು ಮುಟ್ಟಿನ ರಕ್ತ ಹಿಡಿಯುವ ಆ ಪುಟ್ಟ ಸಿಲಿಕೋನ್ ಬಟ್ಟಲಿನ ಕಥೆಯೆಲ್ಲ ಅತ್ತಿಗೆಗೆ ಗೊತ್ತಿತ್ತು. ಹೋದ ತಿಂಗಳು, ಮೇಸ್ತ್ರಿ ಬೈದ ವಾರದಲ್ಲೇ, ಮೊದಲ ಸಲ ಹಾಕಿಕೊಂಡು, ತೆಗೆಯಲು ಬಾರದೆ ಗುಬ್ಬಿ ಬಚ್ಚಲಲ್ಲಿ ಬೆವರುತ್ತ ಕುಕ್ಕರುಗಾಲಲ್ಲಿ ಕೂತಿದ್ದಾಗ, ಬಾಗಿಲಾಚೆ ನಿಂತು, "ಓಡಿಹೋಗೋಕೆ ಅದಕ್ಕೆ ದಾರಿ ಇಲ್ಲ ಕಣೆ, ಅಲ್ಲೇ ಇರುತ್ತೆ. ಮೊದಲು ನೀನು ಉಸಿರು ಬಿಡು," ಎಂದು ಧೈರ್ಯ ಹೇಳಿದವಳು ಅವಳೇ.

ಗಾಜಿನಾಚೆ ಒಂದೊಂದೇ ಅಳಿಸಿಹೋಗುತ್ತಿತ್ತು. ಮೊದಲು ನದಿ, ಆಮೇಲೆ ಛಾವಣಿಗಳು, ಕೊನೆಗೆ ಕ್ರೇನಿನ ಉದ್ದನೆಯ ತೋಳು. ಕೆಳಗಿನ ಸುತ್ತಿಗೆಯ ಸದ್ದು ನೀರಿನ ತಳದಿಂದ ಎದ್ದು ಬಂದಂತಿತ್ತು. ಮೊದಲ ಗಂಟೆ ಗುಬ್ಬಿ ಐದೈದು ನಿಮಿಷಕ್ಕೊಮ್ಮೆ ಸೀಟು ಸವರಿ ನೋಡಿಕೊಂಡಳು. ಒಣಗಿಯೇ ಇತ್ತು. ಡಬ್ಬಿ ತೆಗೆದು ಬ್ರೆಡ್ಡು ತಿಂದಳು. ಮೂತ್ರಕ್ಕೆ ಮೂಲೆಯಲ್ಲಿ ಮುಚ್ಚಳದ ಕ್ಯಾನು ಇತ್ತು. ಕ್ಯಾಬಿನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಿತ್ತು. ಅದರ ಜೊತೆ ಅವಳ ತಲೆಯೂ ತೂಗಿತು.

ಆ ಮಂಪರಿನಲ್ಲಿ, ಕಾಣದ ತೋಳಿನ ಮೇಲೆ ನಡೆದುಕೊಂಡು, ಹಿಂದೆ ತಾನೇ ಆಗಿದ್ದ ಹಳೆಯ ಗುಬ್ಬಿಯರು ಒಬ್ಬೊಬ್ಬರೇ ಬಂದರು. ಹದಿಮೂರರವಳು ಹಳೆ ಬೆಡ್‌ಶೀಟಿನ ತುಂಡನ್ನು ನಾಲ್ಕು ಮಡಿಕೆ ಮಾಡಿ ಪಿನ್ನು ಚುಚ್ಚಿಕೊಂಡಿದ್ದಳು; ಎಲ್ಲರೂ ಓಡುವ ಬಯಲಿನ ಅಂಚಿನಲ್ಲಿ ಮಂಡಿ ಜೋಡಿಸಿ ನಿಂತೇ ಇದ್ದಳು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ ಇಪ್ಪತ್ತರವಳು ತೊಡೆ ಉಜ್ಜಿ ಉಜ್ಜಿ ಹುಣ್ಣಾಗಿದ್ದರೂ ಒಂದೇ ಪ್ಯಾಡಿನಲ್ಲಿ ಪಾಳಿ ಮುಗಿಸುತ್ತಿದ್ದಳು. ಕ್ರೇನ್ ಕಲಿತ ವರ್ಷದವಳ ಜೇಬಿನಲ್ಲಿ ಟ್ಯಾಂಪಾನ್ ಇತ್ತು, ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕು ಗಂಟೆಗೊಮ್ಮೆ ಬದಲಿಸದೆ ವಿಧಿಯಿಲ್ಲ, ಕೆಳಗಿಳಿಯದೆ ಬದಲಿಸುವಂತಿಲ್ಲ. ಎಲ್ಲರೂ ದಣಿದಿದ್ದರು. ಗುಬ್ಬಿ ಸೀಟಿನಲ್ಲಿ ಒಂದಿಷ್ಟು ಸರಿದು ಅವರಿಗೂ ಜಾಗ ಮಾಡಿಕೊಟ್ಟಳು.

ಎಚ್ಚರವಾದಾಗ ಗಾಜಿನ ಮೇಲೆ ಬಿಸಿಲಿತ್ತು. ಮಧ್ಯಾಹ್ನ ಒಂದು ಗಂಟೆ. ಏಣಿ ಒಣಗಿತ್ತು, ಬೇಕಾದರೆ ಇಳಿಯಬಹುದಿತ್ತು. ಅಷ್ಟರಲ್ಲಿ ಅತ್ತಿಗೆಯ ಕೈ ಮೇಲಕ್ಕೆದ್ದಿತು, ಕೊಕ್ಕೆ ಕೆಳಗಿಳಿಯಿತು. ಕಬ್ಬಿಣದ ಸರಳುಗಳ ಕಟ್ಟು, ಆಮೇಲೆ ಕಿಟಕಿಯ ಚೌಕಟ್ಟುಗಳು, ಆಮೇಲೆ ಮತ್ತೆ ಸರಳು. ಗುಬ್ಬಿ ನೆಲ ಮುಟ್ಟಿದಾಗ ಸಂಜೆ ಐದೂವರೆ.

"ಮಂಜು ಕರಗಿದ ಮೇಲೂ ಇಳೀಲಿಲ್ಲ?" ಎಂದ ಮೇಸ್ತ್ರಿ.

"ಕೆಲಸ ಇತ್ತಲ್ಲ."

"ಹೀಗೇ ಇದ್ರೆ ಕ್ಯಾಬಿನ್ನು ನಿಂದೇ," ಎಂದು ಅವನು ಬೈಕ್ ಹತ್ತಿ ಹೋದ.

ಅತ್ತಿಗೆ ಹತ್ತಿರ ಬಂದು ದನಿ ತಗ್ಗಿಸಿದಳು. "ಹೇಗಿತ್ತು?"

"ಮಧ್ಯಾಹ್ನದ ಮೇಲೆ ನೆನಪೇ ಆಗಲಿಲ್ಲ ಅತ್ತಿಗೆ."

ಅತ್ತಿಗೆ ನಗಬಹುದೆಂದು ಗುಬ್ಬಿ ಅಂದುಕೊಂಡಿದ್ದಳು. ಅವಳು ನಗಲಿಲ್ಲ. "ನೆನಪೇ ಆಗಲಿಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಸರಳುಗಳ ರಾಶಿಯ ಮೇಲೆ ಕೂತಳು. ಇಪ್ಪತ್ತೆರಡು ವರ್ಷದ ಹಿಂದೆ ಅವಳೂ ಏಳು ತಿಂಗಳು ಕ್ರೇನ್ ಓಡಿಸಿದ್ದಳು. ಎತ್ತರಕ್ಕೆ ಹೆದರಿ ಬಿಟ್ಟಳೆಂದು ಮನೆಯಲ್ಲೆಲ್ಲ ಈಗಲೂ ತಮಾಷೆ ಮಾಡುತ್ತಿದ್ದರು.

"ಹೆದರಿಕೆ ಅಲ್ಲ ಕಣೆ. ಒಂದಿನ ಬಟ್ಟೆ ದಾಟಿ ಸೀಟಿಗೆಲ್ಲ ಆಗಿಹೋಯ್ತು. ಮುಂದಿನ ಪಾಳಿಯವನು ನೋಡಿದ. ಏನೂ ಅನ್ನಲಿಲ್ಲ. ಒಂದು ಪೇಪರ್ ಹಾಸಿಕೊಂಡು ಅದರ ಮೇಲೆ ಕೂತ. ಮಾರನೇ ದಿನ ನಾನೇ ಹೋಗಿ ಕೆಳಗಿನ ಕೆಲಸ ಕೇಳಿದೆ. ನಿಮ್ಮಣ್ಣನಿಗೆ, ತಲೆ ಸುತ್ತುತ್ತೆ ಅಂತ ಹೇಳಿದೆ."

ಗುಬ್ಬಿ ಅವಳ ಹತ್ತಿರ ಸರಿದಳು. "ನನಗಾದ್ರೂ ಹೇಳಬಹುದಿತ್ತಲ್ಲ."

"ಹೇಳಿದೆನಲ್ಲ ಈಗ." ಅತ್ತಿಗೆ ಎದ್ದು ಗುಬ್ಬಿಯ ಸೊಂಟದ ಸುರಕ್ಷಾ ಬೆಲ್ಟು ಬಿಚ್ಚಿ ತಾನು ಕಟ್ಟಿಕೊಂಡಳು. "ನಂದು ನಿಂತು ಎರಡು ವರ್ಷ ಆಯ್ತು. ಈಗ ಯಾವ ಕಪ್ಪೂ ಬೇಡ, ಬಟ್ಟೆಯೂ ಬೇಡ. ಒಂದ್ಸಲ ಹತ್ತಿ ನೋಡ್ತೀನಿ."

"ನಿಮ್ಮ ಮಂಡಿ, ಅತ್ತಿಗೆ."

"ಮಂಡಿ ನಂದೇ ಅಲ್ವಾ."

ಅವಳು ಹತ್ತತೊಡಗಿದಳು. ಐದು ಮೆಟ್ಟಿಲಿಗೊಮ್ಮೆ ನಿಂತು, ಕೊಂಡಿ ಸಿಕ್ಕಿಸಿ, ಮತ್ತೆ ಹತ್ತಿದಳು. ಇಳಿಬಿಸಿಲಿನಲ್ಲಿ ಮೊದಲು ಅವಳ ಮುಖ ಕಾಣದಾಯಿತು, ಆಮೇಲೆ ಕೈಕಾಲು. ಕೊನೆಗೆ ಮೇಲಕ್ಕೆ ಹೋಗುತ್ತಿರುವ ಅವಳ ಹೆಲ್ಮೆಟಿನ ಒಂದು ಹಳದಿ ಚುಕ್ಕೆ ಮಾತ್ರ. ಗುಬ್ಬಿ ಕೆಳಗೆ, ಸಿಗ್ನಲ್ ಕೊಡುವ ಜಾಗದಲ್ಲಿ, ರೇಡಿಯೊ ಹಿಡಿದು ನಿಂತಳು. ತುಂಬ ಹೊತ್ತು ಬರೀ ಏದುಸಿರು ಕೇಳಿಸಿತು. ಮೇಲೆ ಕ್ಯಾಬಿನ್ನಿನ ಬಾಗಿಲು ತೆರೆದ ಸದ್ದು.

ಆಮೇಲೆ ಅತ್ತಿಗೆಯ ದನಿ ಬಂತು. "ಗುಬ್ಬೀ, ಇಷ್ಟು ವರ್ಷ ತಲೆಯಲ್ಲಿ ಹೊತ್ತ ಈ ಸೀಟು ಇಷ್ಟು ಚಿಕ್ಕದಾ?"