ನೀಲಿ ಗೆರೆ

ಊಟಕ್ಕೆಂದು ಹೊರಟವರು ಮರೆತ ಕೊಡೆಗಾಗಿ ವಾಪಸು ಬಂದಾಗ, ಮೇಷ್ಟ್ರು ಸ್ಟುಡಿಯೋದ ಗಾಜಿನ ಬಾಗಿಲಲ್ಲೇ ನಿಂತುಬಿಟ್ಟರು. ಬೆಳಿಗ್ಗೆಯೆಲ್ಲ ಕೂತು ಅವರು ಬಾಗಿಸಿದ್ದ ನೀಲಿ ಗೆರೆಯನ್ನು ಸೊಸೆ ಮೌಸ್ ಹಿಡಿದು ಕೆಳಕ್ಕೆ ಎಳೆಯುತ್ತಿದ್ದಳು.

ಪಾಠ ಹೇಳಿ ಮೇಷ್ಟ್ರಾದವರಲ್ಲ ಅವರು. ಫೋಟೊಗೆ ಬಣ್ಣ ಕೂರಿಸುವ ಕೈಚಳಕಕ್ಕೆ ಊರು ಕೊಟ್ಟ ಹೆಸರದು. ಕಂಪ್ಯೂಟರ್ ಪರದೆಯ ಮೇಲೊಂದು ಚೌಕ, ಅದರೊಳಗೆ ಓರೆಯಾಗಿ ಒಂದು ಗೆರೆ. ನೀಲಿ ಗೆರೆಯನ್ನು ನಡುವೆ ಹಿಡಿದು ಮೇಲೆತ್ತಿದರೆ ಚಿತ್ರಕ್ಕೆ ನೀಲಿ ಏರುತ್ತದೆ, ಕೆಳಗೆಳೆದರೆ ಹಳದಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮುಖದ ಕಳೆ ಹೋಗುತ್ತದೆ. ಆ ಕೂದಲೆಳೆಯೇ ಮೇಷ್ಟ್ರ ಮರ್ಯಾದೆ.

ಈಚೆಗೆ ಬರುವ ಫೋಟೊಗಳೆಲ್ಲ ಹಳದಿ ಹೊಡೆಯುತ್ತಿದ್ದವು. ಹೊಸ ಕ್ಯಾಮೆರಾಗಳ ಹಣೆಬರಹ ಎಂದು ಬೈದುಕೊಂಡೇ ಅವರು ಗೆರೆಯನ್ನು ಎತ್ತಿ ಸರಿಪಡಿಸುತ್ತಿದ್ದರು. ಕಾಲವೇ ಕೆಟ್ಟಿತ್ತು. ಬಿಳಿ ಅಂಗಿ ಕೇಳಿದರೆ ಮಾಸಲು ಹಳದಿಯದನ್ನು ಕೊಟ್ಟನೆಂದು ಮೊನ್ನೆ ಬಟ್ಟೆಯಂಗಡಿಯವನ ಜೊತೆ ಜಗಳವಾಗಿತ್ತು. ಗಿರಾಕಿಗಳು ಮಾತ್ರ ಇಂದಿಗೂ "ಕಣ್ಣು ಅಂದ್ರೆ ಮೇಷ್ಟ್ರದ್ದು" ಎನ್ನುತ್ತಿದ್ದರು. ಪ್ರಿಂಟು ತೆಗೆದು ಕವರಿಗೆ ಹಾಕಿ ಕೊಡುವುದು ಸೊಸೆಯ ಕೆಲಸ. ಮೇಷ್ಟ್ರಿಗೆ ಹೊಗಳಿಕೆಯಷ್ಟೇ ತಲುಪುತ್ತಿತ್ತು.

"ನನ್ನ ಕುರ್ಚಿ ಬೇಕಾಗಿತ್ತೇನಮ್ಮ ನಿಂಗೆ?"

ಸೊಸೆ ಬೆಚ್ಚಿ ಎದ್ದಳು. "ಇಲ್ಲ ಮಾವ."

"ಮತ್ತೆ ನನ್ನ ಹೆಸರು ಯಾಕೆ ಕೆಡಿಸ್ತಿದ್ದೀಯ?"

"ಹೆಸರು ಕೆಟ್ಟಿದೆಯಾ ಮಾವ?"

"ಎದುರುತ್ತರ ಬೇರೆ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಅವಳು ಚೀಲ ಎತ್ತಿಕೊಂಡಳು. "ಆಯ್ತು. ಈ ಡಾಕ್ಟರ ಮನೆಯವರ ಫೋಟೊ ಒಂದನ್ನ ಮಾತ್ರ ನಂಗೆ ತೋರಿಸಿ ಕಳಿಸಿ."

"ಮೂವತ್ತು ವರ್ಷ ಪಳಗಿದ ಕಣ್ಣಿದು. ನಿಂಗೆ ತೋರಿಸ್ಬೇಕಾ?"

ಮೇಷ್ಟ್ರು ಗೆರೆಯನ್ನು ಮತ್ತೆ ಮೇಲೆತ್ತಿದರು. ಪ್ರಿಂಟು ತೆಗೆದರು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಹದಿನಾಲ್ಕು ಮುಖ, ಒಂದೊಂದೂ ಕಳೆಕಳೆಯಾಗಿ ಕಂಡಿತು. ಊಟವನ್ನೂ ಮರೆತು, ತಾವೇ ಅದನ್ನು ಹಿಡಿದು ಆಸ್ಪತ್ರೆಗೆ ನಡೆದರು.

ಡಾಕ್ಟರು ಹತ್ತು ವರ್ಷದ ಗಿರಾಕಿ. ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನಷ್ಟು ದೂರ ಹಿಡಿದರು. ಅವರ ಹಿಂದೆ ಗೋಡೆಯ ಮೇಲೆ, ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಹಲಗೆ ತೂಗುತ್ತಿತ್ತು.

"ನಮ್ಮಮ್ಮನ್ನ ಶಾಯೀಲಿ ಅದ್ದಿ ತೆಗೆದ ಹಾಗಿದೆಯಲ್ಲ ಮೇಷ್ಟ್ರೇ. ಇದು ನಿಮ್ಮ ಕೈ ಅಲ್ಲ. ಸೊಸೆ ಮಾಡಿದ್ದಾ?"

ಮೇಷ್ಟ್ರು ಬಾಗಿ ಫೋಟೊ ನೋಡಿದರು; ಮುಖಗಳು ಕಳೆಕಳೆಯಾಗಿಯೇ ಕಂಡವು.

"ಬೈಬೇಡಿ, ಪಾಪ. ಕಣ್ಣಿಗೆ ಪೊರೆ ಬಂದ್ರೆ ಎಲ್ಲಾ ಹಳದಿಯಾಗೇ ಕಾಣುತ್ತೆ, ಅದಕ್ಕೇ ಹೀಗೆ ನೀಲಿ ಸುರಿದುಬಿಟ್ಟಿದ್ದಾಳೆ. ಚಿಕ್ಕ ವಯಸ್ಸಿಗೂ ಒಮ್ಮೊಮ್ಮೆ ಬರುತ್ತೆ. ನಾಳೆ ಕರ್ಕೊಂಡು ಬನ್ನಿ, ನೋಡೋಣ."

ಡಾಕ್ಟರು ಫೋಟೊವನ್ನು ಕವರಿಗೆ ಹಾಕಿ ಅವರ ಕೈಗೇ ವಾಪಸು ಕೊಟ್ಟರು.

"ಇದನ್ನ ಮಾತ್ರ ಅವಳ ಕೈಗೆ ಕೊಡ್ಬೇಡಿ. ಎಂದಿನ ಹಾಗೆ ನೀವೇ ಮಾಡ್ಕೊಡಿ."